ಸೋಡ್ ಎಂದ ದೋಣಿಯವನು

ಆ ಭಾನುವಾರ ಶಂಕ್ರೆಪ್ಪ ಗಾಳದ ಜೊತೆಗೆ ಒಂದು ಸುರುಳಿ ಕಬ್ಬಿಣದ ತಂತಿಯನ್ನೂ ತಂದಿದ್ದ. ಕಟ್ಟಡದ ಕೆಲಸದಲ್ಲಿ ಸರಳು ಬಿಗಿಯುವ ತಂತಿ. ಅದರ ಒಂದು ತುದಿಯನ್ನು ನೀರಿನೊಳಗಿನ ಹಳೆಯ ಗೂಟಕ್ಕೆ ಆಗಲೇ ಕಟ್ಟಿ ಬಂದಿದ್ದ, ಎದೆಯವರೆಗೂ ಒದ್ದೆ, ಮೊಣಕಾಲಿನವರೆಗೂ ಕೆಸರು. ಇನ್ನೊಂದು ತುದಿ ಅವನ ಕೈಯಲ್ಲಿತ್ತು.

ಡೊಂಬಿವಲಿಯ ಪಶ್ಚಿಮಕ್ಕೆ ಉಲ್ಹಾಸ ನದಿಯ ಈ ದಂಡೆಗೆ ನಾನು ಬೆಳಿಗ್ಗೆ ನಡೆಯಲು ಬರುತ್ತೇನೆ. ಮೊಣಕಾಲು ನೋವು ಶುರುವಾದಾಗ ಅವನ ಹತ್ತಿರದ ಕಲ್ಲಿನ ಮೇಲೆ ಕೂರುವುದು ರೂಢಿ. ಶಂಕ್ರೆಪ್ಪ ಸಿಂದಗಿ ಕಡೆಯವನು, ಕಟ್ಟಡದ ಕೂಲಿ, ತಲೆಯ ಮೇಲೆ ಯಾವಾಗಲೂ ಬಿಳಿ ಟೊಪ್ಪಿ. ಹೆಂಡತಿ ಮರಗಮ್ಮನ ಜೊತೆ ವಿಠ್ಠಲವಾಡಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದಾನೆ. ವಾರಕ್ಕೆ ಒಂದೇ ರಜೆ, ಅದು ಈ ನದಿಯಲ್ಲಿ ಕಳೆಯುತ್ತದೆ.

"ಮೀನಿಗೆ ತಂತಿ ಯಾಕೆ ಮಾರಾಯ?" ಎಂದೆ.

"ಮೀನಿಗಲ್ರೀ ಅಮ್ಮಾರ. ಆ ದೋಣಿಯವನ ಎಂಜಿನ್ ಪಂಖಾಕ್ಕ. ಅವ ಬರೂ ಹೊತ್ತಿಗಿ ಹಿಂಗ ಎಳದ್ರ ಮುಗೀತು."

ಜಯೇಶ್ ಎಂಬವನ ದೋಣಿ ಅದು. ಭಾನುವಾರ ಸ್ವಲ್ಪ ಮೇಲಿರುವ ದೋಣಿ ಕಟ್ಟೆಯಿಂದ ಜನರನ್ನು ಕೂರಿಸಿಕೊಂಡು ಸೇತುವೆಯವರೆಗೆ ಸುತ್ತು ಹಾಕಿಸುತ್ತಾನೆ. ಮೂರು ವಾರದಿಂದ ದಂಡೆಗೆ ತೀರ ಹತ್ತಿರ ಬಂದು ಶಂಕ್ರೆಪ್ಪನ ಗಾಳದ ತಂಗೂಸಿ ದಾರವನ್ನು ಕಡಿದುಕೊಂಡು ಹೋಗಿದ್ದ. ಪ್ರತಿ ಸಲವೂ ಅಂಗೈ ಕೆಳಗೆ ಒತ್ತುತ್ತ "ಸೋಡ್, ಸೋಡ್!" ಎಂದು ಮರಾಠಿಯಲ್ಲಿ ಕಿರುಚುತ್ತಿದ್ದ. ಅದನ್ನು ನಾನೂ ಕೇಳಿದ್ದೆ. ದಂಡೆಗೆ ಬೇಲಿ ಬರುತ್ತದೆ, ಬೋಟಿಂಗ್ ಬಿಟ್ಟು ಬೇರೇನೂ ಇರುವುದಿಲ್ಲ ಎಂಬ ಸುದ್ದಿ ಹಬ್ಬಿದ್ದರಿಂದ ನನಗೂ ಅವನ ಮೇಲೆ ಗುಮಾನಿಯಿತ್ತು.

"ಸೋಡ್ ಅಂದ್ರ ಬಿಟ್ಟು ಹೋಗು ಅಂತ. ನನಗ ತಿಳಿಯೂದಿಲ್ಲೇನ್ರಿ? ಖೋಲಿ ಮಾಲಕ ಸೋಡ್ ಅಂದ. ಕೆಲಸದ ಮುಕಾದಮ ಸೋಡ್ ಅಂದ. ಈಗ ಇವ ನದಿನೂ ಸೋಡ್ ಅಂತಾನ. ಇನ್ನ ಹೆಂಡತಿ ಕೊಡೂ ಸೋಡಚೀಟಿ ಒಂದು ಬಾಕಿ ಉಳದೈತಿ."

"ಅದನ್ನ ನಾ ಕೊಡ್ತೀನಿ, ತಡಿ," ಎಂದಳು ಹಿಂದೆ ರೊಟ್ಟಿ ಗಂಟು ಬಿಚ್ಚುತ್ತಿದ್ದ ಮರಗಮ್ಮ. ಆದರೆ ನಗಲಿಲ್ಲ. ಅವಳ ಕಣ್ಣೂ ತಂತಿಯ ಮೇಲೇ ಇತ್ತು.

"ಕಡಲಿನ ಇಳಿತದ ಹೊತ್ತು, ಸೆಳೆತ ಜೋರಿದೆ. ಪಂಖಾ ನಿಂತರೆ ದೋಣಿ ಸೀದಾ ಸೇತುವೆ ಕಂಬಕ್ಕೆ ಹೊಡೆಯುತ್ತೆ. ಮಕ್ಕಳಿರ್ತಾರೆ, ಶಂಕ್ರೆಪ್ಪ," ಎಂದೆ.

"ನೀವು ಮನೀಗ್ ಹೋಗ್ರಿ. ನೀವೇನೂ ನೋಡಿಲ್ಲ."

ಮನೆಗೆ ಹೋಗಲಿಲ್ಲ. ಕಟ್ಟೆಯ ಕಡೆ ನಡೆದೆ. ಜಯೇಶನಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ತಂತಿಯ ವಿಷಯ ಹೇಳಿದರೆ ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಶಂಕ್ರೆಪ್ಪನನ್ನು ಹೊಡೆಯುತ್ತಾನೆ, ಇಲ್ಲವೇ ಪೊಲೀಸರಿಗೆ ಒಪ್ಪಿಸುತ್ತಾನೆ. ಹೇಳದಿದ್ದರೆ ದೋಣಿ ಹೊರಡುತ್ತದೆ.

ಕಟ್ಟೆಯ ಕಂಬಕ್ಕೆ ಏಳೆಂಟು ಹರಿದ ಗಾಳಗಳನ್ನು ನೇತು ಹಾಕಿದ್ದರು. ಸೀಸದ ಗುಂಡು ಸಮೇತ. ಇದನ್ನೂ ಶಂಕ್ರೆಪ್ಪ ನನಗೆ ಹೇಳಿದ್ದ. ಹೆದರಿಸಲು ಸತ್ತ ಕಾಗೆ ಕಟ್ಟಿದ ಹಾಗೆ ಕಟ್ಟಿದ್ದಾನೆ ಎಂದು. ಹತ್ತಿರದಿಂದ ನೋಡಿದ್ದು ಅವತ್ತೇ. ಪ್ರತಿಯೊಂದು ಗಾಳದ ಮೊನೆಗೂ ಹಳೆಯ ಚಪ್ಪಲಿಯ ರಬ್ಬರಿನ ಚೂರು ಚುಚ್ಚಿತ್ತು. ಬಿಡಿಸಿಕೊಂಡು ಹೋಗುವವರ ಕೈಗೆ ತಾಗದಿರಲಿ ಎಂದು ಯಾರೋ ಕೂತು, ಒಂದೊಂದಾಗಿ, ಮಾಡಿದ ಕೆಲಸ. ಹೆದರಿಸುವವನು ಇಷ್ಟು ಕಷ್ಟಪಡುತ್ತಾನೆಯೇ?

"ಇದು ಯಾರು ಮಾಡಿದ್ದು?" ಎಂದು ಜಯೇಶನನ್ನು ಮರಾಠಿಯಲ್ಲಿ ಕೇಳಿದೆ.

"ನಾನೇ, ಮಾವಶೀ. ಪಂಖಾದಿಂದ ಬಿಡಿಸಿದ್ದು. ಅವರದ್ದು ಅವರು ಒಯ್ಯಲಿ ಅಂತ ಇಟ್ಟರೆ ಒಬ್ಬನೂ ಬರಲ್ಲ." ಆಮೇಲೆ ದನಿ ಗಡುಸಾಯಿತು. "ಆ ಬಿಳಿ ಟೊಪ್ಪಿಯವನು ನಿಮ್ಮ ಪೈಕಿಯಾ? ಬೇಕಂತಲೇ ಮಾಡ್ತಾನೆ. ಸೋಡ್ ಸೋಡ್ ಅಂತ ಗಂಟಲು ಹರಿಯುತ್ತೆ, ಅವನು ದಾರವನ್ನು ಇನ್ನೂ ಬಿಗಿದು ಮೇಲೆತ್ತುತ್ತಾನೆ. ಬೆರಳಿಗೆ ಬೇರೆ ಸುತ್ತಿಕೊಂಡಿರ್ತಾನೆ. ಒಂದು ದಿನ ಬೆರಳೇ ಹೋಗುತ್ತೆ, ಆಗ ನನ್ನ ಹೆಸರು ಹೇಳ್ತಾರೆ."

"ದಾರ ಸೋಡ್ ಅಂತಲಾ ನೀನು ಹೇಳೋದು?"

"ಮತ್ತೆ? ಸಡಿಲ ಬಿಟ್ಟರೆ ಅದು ಮುಳುಗುತ್ತೆ, ನಾನು ಮೇಲಿಂದ ಹೋಗ್ತೀನಿ. ನಡುವೆ ಪೂರ್ತಿ ಹೂಳು. ದಂಡೆ ಹತ್ತಿರ ಮಾತ್ರ ಆಳ ಇದೆ, ಇನ್ನೆಲ್ಲಿ ಹೋಗಲಿ?"

ದೂರದಿಂದ ಎಂಜಿನ್ ನಿಲ್ಲಿಸಿ ಬಂದರೆ ನಿನ್ನ ಮಾತು ಪೂರ್ತಿ ಕೇಳುತ್ತಿತ್ತಲ್ಲ ಎಂದೆ. ಅವನು ಹಗ್ಗ ಬಿಚ್ಚತೊಡಗಿದ. ಜನ ಸಾಲು ನಿಂತಿದ್ದರು. ನಾನು ನಡೆದು ಶಂಕ್ರೆಪ್ಪನನ್ನು ತಲುಪುವಷ್ಟರಲ್ಲಿ ಈ ದೋಣಿ ಅವನ ಮುಂದಿರುತ್ತದೆ.

"ಮೊದಲ ಸುತ್ತಿಗೆ ನನ್ನೊಬ್ಬಳನ್ನು ಕರೆದುಕೊಂಡು ಹೋಗು. ಅವನಿಗೆ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಇಷ್ಟು ಜನರ ಮುಂದೆ ಬೇಡ."

ಜಯೇಶ್ ನನ್ನನ್ನು ಅನುಮಾನದಿಂದ ನೋಡಿದ. ಸಾಲಿನಲ್ಲಿದ್ದವರು ಗೊಣಗಿದರು. ಆದರೂ ಲೈಫ್ ಜಾಕೆಟ್ ತೊಡಿಸಿದ, ಸೀರೆಯ ಸೆರಗು ಪಟ್ಟಿಗೆ ಸಿಕ್ಕದಂತೆ ತಾನೇ ಒಳಗೆ ಸಿಕ್ಕಿಸಿದ. ಅವನಿಗೆ ಅರ್ಧ ಮಾತ್ರ ಹೇಳಿದ್ದೆ.

ತಿರುವಿನಲ್ಲಿ ಎಂಜಿನ್ ನಿಲ್ಲಿಸಲು ಹೇಳಿದೆ, ನಿಲ್ಲಿಸಿದ. ಶಂಕ್ರೆಪ್ಪ ಎದ್ದು ನಿಂತಿದ್ದ, ತಂತಿ ಎರಡೂ ಕೈಗೆ ಸುತ್ತಿಕೊಂಡು. ದೋಣಿಯ ಮೂತಿಯಲ್ಲಿ ನನ್ನನ್ನು ಕಂಡು ಅವನ ಬಾಯಿ ತೆರೆಯಿತು.

"ಅಮ್ಮಾರ, ಇಳೀರಿ!"

"ಎಲ್ಲಿ ಇಳಿಯೋದು, ನೀರಿಗಾ?" ಎಂದು ಕೂಗಿದೆ. "ಸೋಡ್ ಅಂದ್ರೆ ದಾರ ಸಡಿಲ ಬಿಡು ಅಂತ, ಶಂಕ್ರೆಪ್ಪ! ಜಾಗ ಬಿಡು ಅಂತಲ್ಲ!"

"ಅವನ ಕಡೆ ಆದ್ರೇನ್ರಿ ನೀವೂ?"

ಸೆಳೆತ ನಮ್ಮನ್ನು ಒಯ್ಯುತ್ತಿತ್ತು. ಮುಂದೆ ಹತ್ತು ಮಾರು ದೂರದಲ್ಲಿ ತಂತಿ ನೀರಿನಿಂದ ಎದ್ದು ಬಂತು. ಉದ್ದಕ್ಕೂ ಹನಿಗಳು ತೊಟ್ಟಿಕ್ಕುತ್ತಿದ್ದವು. ಹಿಂದೆ ಜಯೇಶ್ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನು ಶಂಕ್ರೆಪ್ಪನ ಮುಖವನ್ನೇ ನೋಡಿದೆ. ಆಮೇಲೆ ತಂತಿ ಜೋಲಿ ಬಿದ್ದು ಮುಳುಗಿತು. ದೋಣಿ ಅದರ ಮೇಲಿಂದ ಹಾದುಹೋಯಿತು.

ಸೇತುವೆಗೆ ಮುಂಚೆ ಜಯೇಶ್ ಎಂಜಿನ್ ಹಚ್ಚಿ ದೋಣಿ ತಿರುಗಿಸಿದ. "ನಿಮಗೆ ಗೊತ್ತಿತ್ತು, ಅಲ್ವಾ ಮಾವಶೀ?"

"ಗೊತ್ತಿತ್ತು."

ಕಟ್ಟೆಯಲ್ಲಿ ಇಳಿಯಲು ಕೈ ಕೊಟ್ಟ. ಮುಖ ಮಾತ್ರ ಬೇರೆ ಕಡೆ ಇತ್ತು.

ನಾನು ವಾಪಸು ಬಂದಾಗ ಶಂಕ್ರೆಪ್ಪ ತಂತಿಯನ್ನು ಗೂಟದಿಂದ ಬಿಚ್ಚಿ ಸುರುಳಿ ಸುತ್ತಿ ಚೀಲದ ಕೆಳಗೆ ಇಟ್ಟಿದ್ದ. ಅಂಗೈಯಲ್ಲಿ ತಂತಿಯ ಕೆಂಪು ಗೆರೆ. ಮರಗಮ್ಮ ನನ್ನತ್ತ ಒಂದು ರೊಟ್ಟಿ ಚಾಚಿದಳು.

"ಅವ ಪೊಲೀಸರಿಗಿ ಹೇಳ್ತಾನೇನ್ರಿ?" ಎಂದ ಶಂಕ್ರೆಪ್ಪ, ನನ್ನ ಕಡೆ ನೋಡದೆ.

"ಗೊತ್ತಿಲ್ಲ."

ಮೂವರೂ ಕಟ್ಟೆಯ ಕಡೆ ನೋಡಿದೆವು. ಜಯೇಶ್ ಕಿವಿಗೆ ಫೋನ್ ಹಿಡಿದು ನಿಂತಿದ್ದ. ಮಾತು ಮುಗಿಸಿ ಜನರನ್ನು ಹತ್ತಿಸಿಕೊಂಡ. ದೋಣಿ ಹೊರಟಿತು. ತಿರುವಿಗೆ ಬರುವ ಎಷ್ಟೋ ಮೊದಲೇ ಎಂಜಿನ್ ಸದ್ದು ನಿಂತಿತು. ಜಯೇಶ್ ಏನೂ ಕೂಗಲಿಲ್ಲ. ಎದ್ದು ನಿಂತು ಶಂಕ್ರೆಪ್ಪನ ಕೈಗಳನ್ನು ನೋಡುತ್ತಿದ್ದ.

ಶಂಕ್ರೆಪ್ಪ ಗಾಳದ ದಾರವನ್ನು ಬೆರಳಿನಿಂದ ಬಿಚ್ಚಿ ಕಲ್ಲಿನ ಮೇಲೆ ಸಡಿಲವಾಗಿ ಬಿಟ್ಟ. ಎರಡೂ ಖಾಲಿ ಕೈಗಳನ್ನು ಬಿಡಿಸಿ ಜಯೇಶನಿಗೆ ಕಾಣುವಂತೆ ಮೇಲಕ್ಕೆ ಎತ್ತಿದ. ದೋಣಿಯಲ್ಲಿದ್ದ ಒಬ್ಬಳು ಪುಟ್ಟ ಹುಡುಗಿ ಟಾಟಾ ಮಾಡುತ್ತಿದ್ದಾನೆ ಎಂದುಕೊಂಡು ಕೈ ಬೀಸಿದಳು. ಅವನು ಬೀಸಲಿಲ್ಲ. ದೋಣಿ ಸೇತುವೆ ದಾಟುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದ.