ಹಾಸಲಿಕ್ಕೆ ಎರಡು ಚೀಲ

"ನಿನ್ನ ಮಗಳು ಬೀಡಿ ಸೇದ್ತಾಳೇನೋ?" ಎಂದರು ಫ್ಯಾಕ್ಟರಿ ಆಸ್ಪತ್ರೆಯ ಡಾಕ್ಟರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು.

"ಇಲ್ಲ ಸಾರ್."

"ಹಂಗಾದ್ರೆ ಅವಳ ಗಂಡ ಸೇದ್ತಾನೆ. ಇಲ್ಲಾ ಒಲೆ ಹೊಗೆ. ಮನೇಲಿ ಮಾಡೋದೆಲ್ಲ ಮಾಡ್ಕೊಂಡು ಕೊನೆಗೆ ಫ್ಯಾಕ್ಟರಿ ತಲೆಗೆ ಕಟ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಫ್ಯಾಕ್ಟರಿಯಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಶೀಟು ಕೊಯ್ಯುವ ಅವನು ಮೇಜಿನ ಈಚೆ ನಿಂತೇ ಇದ್ದ. ಹೊರಗಿನ ಬೆಂಚಿನ ಮೇಲೆ ಮಗಳು ಮುಂದಕ್ಕೆ ಬಾಗಿ ಕೂತಿದ್ದಳು; ಒರಗಿದರೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತಾರರ ಹುಡುಗಿ. ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಕ್ಯಾನ್ಸರು ಹಿಡಿದು ಅಲ್ಲಿ ನೀರು ತುಂಬುತ್ತಿತ್ತು. ದೂರದ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ತೆಗೆದಿದ್ದರು. ಈಗ ಮತ್ತೆ ತುಂಬಿದೆ, ಅಷ್ಟು ದೂರ ಹೋಗುವ ತ್ರಾಣ ಅವಳಲ್ಲಿಲ್ಲ.

"ಇವತ್ತೊಂದು ಸಲ ನೀರು ತೆಗೆದುಬಿಡಿ ಸಾರ್. ರಾತ್ರಿಯೆಲ್ಲ ಕೂತೇ ಇದ್ಲು ಮಗು."

ಡಾಕ್ಟರು ಎ.ಸಿ.ಯ ಕೆಳಗೆ ಕೂತಿದ್ದ ಮ್ಯಾನೇಜರ ಕಡೆ ನೋಡಿದರು.

"ಸೂಜಿ ಚುಚ್ಚಿದ್ರೆ ತಪ್ಪು ನಮ್ದೇ ಅಂತ ಒಪ್ಕೊಂಡ ಹಂಗೆ," ಎಂದರು ಮ್ಯಾನೇಜರು. "ಈ ಕಾಯಿಲೆ ಬರೋದು ಧೂಳಲ್ಲಿ ದುಡಿದು ಹಣ್ಣಾದ ಮುದುಕರಿಗೆ. ನಿನಗೇ ಬಂದಿಲ್ಲ, ಗುಂಡುಕಲ್ಲಿನ ಹಂಗಿದ್ದೀಯ. ಗೇಟೊಳಗೆ ಕಾಲೇ ಇಡದೋಳಿಗೆ ಹೆಂಗಯ್ಯಾ ಬರುತ್ತೆ?"

"ಚೀಲ ಸಾರ್."

ಕಲ್ನಾರು ತುಂಬಿ ಬರುವ ಚೀಲಗಳು ಖಾಲಿಯಾದ ಮೇಲೆ ಕಂಪನಿ ಅವನ್ನು ಸಾಲುಮನೆಗಳಿಗೆ ಪುಕ್ಕಟೆ ಹಂಚುತ್ತಿತ್ತು. ಹೆಂಗಸರು ಒದರಿ, ಜೋಡಿಸಿ ಹೊಲಿದು ಹಾಸಿಗೆ ಮಾಡಿಕೊಳ್ಳುತ್ತಿದ್ದರು. ಮೂಲೆಗಂಟಿದ ನಾರು ಕೆರೆಯುವುದು ಮಕ್ಕಳ ಪಾಲಿನ ಕೆಲಸ. ಚಿಕ್ಕವರಾದರೆ ಇಡಿಯಾಗಿ ಚೀಲದೊಳಗೆ ನುಗ್ಗಬಲ್ಲರು. ನಾಲ್ಕು ವರ್ಷ ತುಂಬುವ ಮೊದಲೇ ಇವನ ಮಗಳು ಅದರಲ್ಲಿ ಎಲ್ಲರನ್ನೂ ಮೀರಿಸಿದ್ದಳು. ಪಕ್ಕದ ಮನೆಯವರೂ ಕರೆದೊಯ್ಯುತ್ತಿದ್ದರು. ಹುಬ್ಬು ಕೂದಲೆಲ್ಲ ಬೆಳ್ಳಗೆ ಮಾಡಿಕೊಂಡು, ಕಿಲಕಿಲ ನಗುತ್ತ ತೆವಳಿ ಹೊರಬರುವಳು. ಇಲಿಮರಿ ಎಂದು ಹೆಸರಿಟ್ಟವನು ಅವನೇ.

ಮ್ಯಾನೇಜರು ನಕ್ಕರು. "ಚೀಲ ಕೊಟ್ಟಿದ್ದೂ ತಪ್ಪಾಯ್ತಾ? ನಿಮ್ಮಂಥೋರಿಗೆ ಉಪಕಾರ ಮಾಡಬಾರ್ದು." ಜವಾನನನ್ನು ಕೂಗಿ ಗೋಡೌನಿನಿಂದ ಎರಡು ಚೀಲ ತರಿಸಿದರು. ಜವಾನ ಅವನ್ನು ಬಾಗಿಲ ಬಳಿ ಹಾಕಿ ಹೋದ. "ತಗೋ. ಮಗಳಿಗೆ ಮೆತ್ತಗೆ ಹಾಸು. ನಡಿ ಈಗ."

ಅವನು ಚೀಲಗಳನ್ನು ನೋಡುತ್ತ ನಿಂತ. ಆಮೇಲೆ ಕೋಣೆಯ ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿನತ್ತ ತಿರುಗಿದ.

"ಅಕ್ಕಾ, ನೀನು ಹೊರಗೆ ಹೋಗು."

ಅವನ ಮುಖ ನೋಡಿ ಆಕೆ ಬಕೆಟ್ಟನ್ನೂ ಎತ್ತಿಕೊಳ್ಳದೆ ಹೋದಳು. ಅವನು ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತ. ಒಂದು ಚೀಲವನ್ನು ಒಳಮೈ ಹೊರಗಾಗಿ ತಿರುವಿ, ಗೋಡೆಗೆ ಬಡಿದ. ಬಿಳಿ ಧೂಳು ಎದ್ದು ಎ.ಸಿ.ಯ ಗಾಳಿಗೆ ಕೋಣೆಯೆಲ್ಲ ಸುತ್ತಿತು.

"ಏನ್ ಮಾಡ್ತಿದ್ದೀಯೋ ಬೋಳಿಮಗನೇ?" ಮ್ಯಾನೇಜರು ಕೂಗಿದರು.

"ಹಾಸೋಕೆ ಮುಂಚೆ ಒದರ್ಬೇಕಲ್ಲ ಸಾರ್. ನಮ್ಮನೇಲಿ ಹಿಂಗೇ ಮಾಡೋದು."

ಮತ್ತೆ ಬಡಿದ. ಡಾಕ್ಟರು ಕೋಟಿನ ತುದಿಯನ್ನು ಮೂಗಿಗೆ ಒತ್ತಿಕೊಂಡು ಬಾಗಿಲಿಗೆ ನುಗ್ಗಿದರು. "ತೆಗಿಯೋ ಬಾಗಿಲು. ಸಾಯಿಸ್ತೀಯೇನೋ?"

"ಬೀಡಿ ಸೇದದಿದ್ರೆ ಏನೂ ಆಗಲ್ಲ ಸಾರ್. ಉಸಿರೆಳ್ಕೊಳ್ಳಿ."

ಇಬ್ಬರೂ ಸೇರಿ ಅವನನ್ನು ತಳ್ಳಿ ಹೊರಗೋಡಿದರು. ಡಾಕ್ಟರು ಅಂಗಳದ ನಲ್ಲಿಗೆ ಬಾಗಿ ಮೂಗಿಗೆ ನೀರೆಳೆದು ಸೀನಿದರು, ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಮ್ಯಾನೇಜರು ಗೇಟಿನವನನ್ನು ಕೂಗುತ್ತಿದ್ದರು.

ಅವನು ಚೀಲ ಬಿಟ್ಟು ಹೊರಬಂದ. ಅಂಗಿ, ತಲೆ, ರೆಪ್ಪೆಗಳೂ ಬಿಳಿಯಾಗಿದ್ದವು. ಎದುರಿನ ಚಿಕಿತ್ಸೆಯ ಕೋಣೆ ತೆರೆದಿತ್ತು. ಮಂಚ ಖಾಲಿ ಇತ್ತು. ಇಲಿಮರಿ ತಲೆಯೆತ್ತಿದಳು. ತುಟಿ ನೀಲಿಗಟ್ಟಿತ್ತು.

"ನೀರು ತೆಗೀತಾರಾ ಅಪ್ಪಾ?"

ಏಳಲಾರದೆ ಎರಡೂ ಕೈ ಚಾಚಿದಳು. ಎತ್ತಿಕೊಳ್ಳಲು ಮುಂದಾದವನು ತನ್ನ ಅಂಗಿ ನೋಡಿಕೊಂಡ. ಅವಳ ಕೈ ಚಾಚಿಯೇ ಇತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ.