ಕೋಟೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮೇ ತಿಂಗಳ ರಜೆಗೆ ಟ್ಯುನೀಷಿಯಾಕ್ಕೆ ಹೋಗೋಣ ಎಂದು ಸೊಸೆ ಸಿಂಧೂರಾ ಹೇಳಿದಾಗಲೇ ಇದರ ಹಿಂದೆ ಏನೋ ಇದೆ ಅನ್ನಿಸಿತ್ತು. ನನ್ನ ಮಗ ಪ್ರವೀಣ ತೀರಿಕೊಂಡು ನಾಲ್ಕು ವರ್ಷ. ಜಪಾನಿನಲ್ಲಿ ನಾವಿರುವ ಕಾವಾಸಾಕಿ ಊರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದಾಗ ಒಮ್ಮೆ ಕೆಲಸದ ಮೇಲೆ ಟ್ಯುನೀಷಿಯಾಕ್ಕೆ ಹೋಗಿದ್ದ. ಮಹ್ದಿಯಾ ಎಂಬ ಕಡಲತೀರದ ಹಳೆಯ ಊರಿನ ಕೋಟೆ ಬಾಗಿಲ ಮುಂದೆ ನಿಂತು ಫೋಟೋ ಕಳಿಸಿ, "ಅಮ್ಮ, ನಿಮ್ಮನ್ನೆಲ್ಲ ಇಲ್ಲಿಗೆ ಕರ್ಕೊಂಡ್ ಬರ್ತೀನಿ" ಎಂದಿದ್ದ. ಅವನ ಮಾತು ಉಳಿಸೋಣ ಎಂದಳು ಸೊಸೆ. ಇನ್ನೊಂದು ಕಾರಣವನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಕಾರಣದ ಹೆಸರು ಮೋಹಿತ್. ಮಿನಾಟೋ ಎಂಬಲ್ಲಿರುವ ಅವಳ ಆಫೀಸಿನವನು. ಅವನ ಫೋನ್ ಬಂದರೆ ಸಿಂಧೂರಾ ಬಾಲ್ಕನಿಗೆ ಹೋಗುತ್ತಾಳೆ. ನನ್ನ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿಯೇ ಇದೆ. ಮೂವತ್ತೈದರ ಹುಡುಗಿ ಮತ್ತೆ ಮದುವೆಯಾಗಬಾರದು ಎನ್ನುವಷ್ಟು ಕಲ್ಲೆದೆ ನನ್ನದಲ್ಲ. ಆದರೆ ಹೆದರಿಕೆಯಿತ್ತು. ಅವಳು ಇನ್ನೊಬ್ಬರ ಮನೆಯ ಸೊಸೆಯಾದ ಮೇಲೆ ನಾನು ಅವಳಿಗೆ ಯಾರು? ಏಳು ವರ್ಷದ ಮೊಮ್ಮಗಳು ಸಾಹಿತ್ಯಳನ್ನು ಬಿಟ್ಟು ಹೇಗಿರಲಿ? ಮೈಸೂರಿನಲ್ಲಿ ತಂಗಿಯ ಮನೆಯಿದೆ, ನಿಜ. ಅಲ್ಲಿ ನಾನು ನೆಂಟಳು.

ಕೊನೆಗೂ ಮೂವರೂ ಮಹ್ದಿಯಾಕ್ಕೆ ಬಂದು ಫೋಟೋದಲ್ಲಿದ್ದ ಕೋಟೆ ಬಾಗಿಲ ಮುಂದೆ ನಿಂತೆವು. ಅದನ್ನು ಸಾವಿರ ವರ್ಷದ ಹಿಂದೆ ಅರಬ್ ದೊರೆಗಳು ಊರಿನ ಕಾವಲಿಗೆಂದು ಕಟ್ಟಿಸಿದರಂತೆ. ಗೋಡೆಯ ದಪ್ಪದಲ್ಲೇ ನಮ್ಮ ಕಾವಾಸಾಕಿಯ ಮನೆ ಹಿಡಿಸುತ್ತದೆ. ಕಮಾನಿನ ಕೆಳಗೆ ಉದ್ದನೆಯ ಕತ್ತಲ ಹಾದಿ, ಆಚೆ ತುದಿಯಲ್ಲಿ ಊರು, ಬೆಳಕು. ಪ್ರವೀಣ ಇಲ್ಲೇ ನಿಂತಿದ್ದನಲ್ಲ ಎಂದು ಗೋಡೆ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ದುಃಖ ಒತ್ತರಿಸಿ ಬಂತು.

ಕಮಾನು ನೋಡಿ ಇದು ಮಸೀದಿಯೇ ಇರಬೇಕು ಎಂದುಕೊಂಡು ನಾನು ಚಪ್ಪಲಿ ಬಿಟ್ಟೆ. ಸಾಹಿತ್ಯಳೂ ಶೂ ಕಳಚಿದಳು. ಜಪಾನಿನಲ್ಲೇ ಹುಟ್ಟಿ ಬೆಳೆದ ಕೂಸು. ಕುಕ್ಕರುಗಾಲಲ್ಲಿ ಕೂತು ನನ್ನ ಚಪ್ಪಲಿ, ತನ್ನ ಶೂ ಎರಡನ್ನೂ ಮೂತಿ ಹೊರಗೆ ಮಾಡಿ ಸಾಲಾಗಿ ಜೋಡಿಸಿಟ್ಟಳು. ಅಲ್ಲಿ ಮನೆಮನೆಯಲ್ಲೂ ಹಾಗೇ, ಹೊರಡುವವರು ಕಾಲು ತೂರಿಸಿ ಸೀದಾ ನಡೆಯಲಿ ಎಂದು. ಪಕ್ಕದಲ್ಲಿ ಬಟ್ಟೆ ಮಾರುತ್ತಿದ್ದ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಇದು ಬರೀ ದಾರಿ, ಹಾಕಿಕೊಳ್ಳಿ ಎಂದು ಸನ್ನೆ ಮಾಡಿದ. ಸಾಹಿತ್ಯ ನಾಚಿ, "ಸುಮಿಮಾಸೆನ್" ಎಂದು ಜಪಾನಿಯಲ್ಲೇ ಕ್ಷಮೆ ಕೇಳಿ ತಲೆ ಬಾಗಿಸಿದಳು. ಮುದುಕನೂ ಬಾಗಿದ. ನನಗೂ ನಗು ತಡೆಯಲಾಗಲಿಲ್ಲ.

ಸಿಂಧೂರಾ ಮಾತ್ರ ನಗಲಿಲ್ಲ. ಹೊರಗೆ ಮುಖ ಮಾಡಿದ್ದ ನನ್ನ ಚಪ್ಪಲಿಯನ್ನೇ ನೋಡುತ್ತ ಅಳತೊಡಗಿದಳು.

"ಅತ್ತೆ, ನೀವು ಹೊರಟ್ಹೋಗ್ತೀರಾ?"

"ಎಲ್ಲಿಗೆ?"

"ಮೈಸೂರಿಗೆ. ನಾನೊಂದು ವಿಷ್ಯ ಹೇಳಿದ್ರೆ..."

"ಮೋಹಿತ್ ವಿಷ್ಯ ತಾನೆ? ಬಾಲ್ಕನಿ ಬಾಗಿಲು ಅಷ್ಟೇನೂ ದಪ್ಪ ಇಲ್ಲ ಕಣೆ."

ಅವಳು ಕಣ್ಣೊರೆಸಿಕೊಂಡು ಒಂದೇ ಉಸಿರಿಗೆ ಹೇಳಿದಳು. "ಅವರ ಮನೆಯವರು ಬೆಂಗಳೂರಲ್ಲೇ ಸಿಂಪಲ್ಲಾಗಿ ಮದುವೆ ಮಾಡೋಣ ಅಂದ್ರು. ಹುಡುಗಿ ಕಡೆಯಿಂದ ಧಾರೆ ಎರೆಯೋರು ಯಾರು ಅಂತ ಕೇಳಿದ್ರು. ನಿಮ್ಮ ಹೆಸ್ರು ಹೇಳ್ಬಿಟ್ಟೆ. ನಿಮ್ಮನ್ನ ಒಂದ್ಮಾತು ಕೇಳ್ಲಿಲ್ಲ. ಸಾರಿ ಅತ್ತೆ."

ನಾನು ಗೋಡೆಗೆ ಒರಗಿದೆ. ಸಿಂಧೂರಾ ತಂದೆತಾಯಿಯಿಲ್ಲದೆ ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ನೀರೆರೆದು ಮಗಳನ್ನು ಒಪ್ಪಿಸಿಕೊಡುವುದು ಹೆತ್ತವರ ಕೆಲಸ. ಗಂಡನಿಲ್ಲದ ಹೆಂಗಸು ಆ ಚೊಂಬು ಮುಟ್ಟಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ನಾನು ವಿಧವೆ ಕಣೆ. ಅದೂ ನಿನ್ನ ಅತ್ತೆ. ಜನ ಏನಂತಾರೆ?"

"ನೀವು ಎರೀದಿದ್ರೆ ಮದುವೆನೇ ಬೇಡ ಅಂದಿದೀನಿ. ಮೋಹಿತ್ ಓಕೆ ಅಂದ. ನಾಲ್ಕು ಜನಕ್ಕೆ ಆಗೋ ಅಂಥ ಮನೆ ಹುಡುಕ್ತಿದಾನೆ."

ಅವಳ ಎರಡೂ ಕೆನ್ನೆ ಹಿಡಿದುಕೊಂಡು ಅತ್ತುಬಿಟ್ಟೆ. ಸಾಹಿತ್ಯ ಗಾಬರಿಯಾಗಿ ಸೆರಗು ಜಗ್ಗಿ, "ಅಜ್ಜಿ, ಓಕೆ?" ಎಂದಳು. ಅದೇ ಸೆರಗಿನಲ್ಲಿ ಮೂಗು ಒರೆಸಿಕೊಂಡ ಮೇಲೆ ನನ್ನ ದನಿ ವಾಪಸು ಬಂತು. ಎಂದಿನಂತೆ ಗದರುವ ದನಿಯೇ.

"ಮೋಹಿತ್‌ಗೆ ಫೋನ್ ಮಾಡು. ಅವನ ಅಪ್ಪ ಅಮ್ಮ ಮೊದ್ಲು ನನ್ನ ಹತ್ರ ಬಂದು ಮಾತಾಡ್ಲಿ. ಹುಡುಗ ಎಂಥೋನು ಅಂತ ನೋಡ್ದೆ ಕೇಳ್ದೆ ನನ್ನ ಮಗಳನ್ನ ಕೊಡೋಕಾಗಲ್ಲ."