ಗಿಡ್ಡ ತೋಳಿನ ಕೋಟು

"ಎಳೀಬೇಡ್ವೋ. ಎಳೆದಷ್ಟೂ ಇನ್ನೂ ಗಿಡ್ಡ ಕಾಣುತ್ತೆ," ಎಂದು ಜೂನೆಟ್ ಚಿಕ್ಕಮ್ಮ ಟ್ರೆಂಟ್‌ನ ಕೈಗೆ ಮೆಲ್ಲನೆ ಹೊಡೆದು, ಅವನ ಟೈ ಬಿಚ್ಚಿ ಮತ್ತೆ ಗಂಟು ಹಾಕತೊಡಗಿದಳು. ಕೋಟಿನ ತೋಳು ಅವನ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿತ್ತು. ಅಮ್ಮನ ಬೀರುವಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ನೇತುಹಾಕಿದ್ದ ಕಪ್ಪು ಕೋಟು. ಹೈಸ್ಕೂಲು ಮುಗಿಸುವ ದಿನ ಹಾಕಿಕೊಳ್ಳಲೆಂದು ಗುಟ್ಟಾಗಿ ತಂದಿಟ್ಟಿರಬೇಕು ಎಂದುಕೊಂಡು ಬೆಳಿಗ್ಗೆ ತೊಟ್ಟುಕೊಂಡಿದ್ದ.

ಚರ್ಚಿನ ಒಳಗೆ ಅಮ್ಮ ಪೆಟ್ಟಿಗೆಯಲ್ಲಿ ಮಲಗಿದ್ದಳು. ರೋವೀನಾ ಸ್ಲೋನ್, ಸ್ಕೂಲಿನ ಅಡುಗೆಯವಳು. ಜ್ವರಕ್ಕೂ ರಜೆ ಹಾಕಿದವಳಲ್ಲ. ಸೋಮವಾರ ಒಲೆಯಿಂದ ಬನ್ನಿನ ತಟ್ಟೆ ಎತ್ತುತ್ತ, "ತಲೆ ಯಾಕೋ ಒಂಥರಾ ಆಗ್ತಿದೆ ಕಣ್ರೇ" ಎಂದು ನೆಲದ ಮೇಲೆ ಕೂತಳು. ಆಂಬುಲೆನ್ಸ್ ಕಣಿವೆಯ ರಸ್ತೆ ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಿದುಳಿನ ರಕ್ತನಾಳ ಒಡೆದಿತ್ತಂತೆ.

ಜನ ಸಾಲಾಗಿ ಬಂದು ಪೆಟ್ಟಿಗೆ ನೋಡುತ್ತಿದ್ದರು. ಆಮೇಲೆ ಟ್ರೆಂಟ್‌ನನ್ನು ನೋಡುತ್ತಿದ್ದರು. ಆ ನೋಟ ಏನೆಂದು ಅವನಿಗೆ ತಿಳಿಯಲಿಲ್ಲ. ಕಿವಿ ಮಂದವಾದ ಓಪಲ್ ಅಜ್ಜಿ ಕೋಲೂರಿಕೊಂಡು ಬಂದು, ಅವನನ್ನು ಕಂಡಿದ್ದೇ ಬೆಚ್ಚಿಬಿದ್ದಳು.

"ಅಯ್ಯೋ ನನ್ನಪ್ಪಾ! ಬದುಕಿದೀಯೇನೋ ನೀನು?"

"ಅಜ್ಜೀ..."

"ಸ್ಲೋನ್ ಮನೇಲಿ ಸಾವು ಅಂದ್ರು. ಹುಡುಗಾನೇ ಹೋದ ಅಂದ್ಕೊಂಡೆ! ನಿನಗೋಸ್ಕರಾನೇ ಹೂವು ತಂದೆ ಕಣೋ!"

ಯಾರೂ ಅಜ್ಜಿಯನ್ನು ಗದರಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ಆಗ ಟ್ರೆಂಟ್‌ಗೆ ಆ ನೋಟ ಅರ್ಥವಾಯಿತು. ಊರಿಗೆ ಊರೇ ಅವನ ಸಾವಿಗೆ ಸಿದ್ಧವಾಗಿ ಕೂತಿತ್ತು.

*

ಎರಡು ವರ್ಷದ ಹಿಂದೆ ಸ್ಕೂಲಿನ ಸಭಾಕೋಣೆಯಲ್ಲಿ ಅಮ್ಮ ಏಪ್ರನ್ ಸಮೇತ ಬಂದು ಕೂತಿದ್ದಳು. ಎದುರಿಗೆ ಪ್ರಿನ್ಸಿಪಾಲರು, ಟೀಚರುಗಳು, ಸ್ಕೂಲಿನ ಮನಶ್ಶಾಸ್ತ್ರಜ್ಞ ಹೇಗನ್ಸ್. ಪಕ್ಕದಲ್ಲಿ ಟ್ರೆಂಟ್ ತೂಕಡಿಸುತ್ತಿದ್ದ. ಅಂದು ಬೆಳಿಗ್ಗೆಯೂ ಅಮಲಿನ ಮಾತ್ರೆ ನುಂಗಿ ಬಂದಿದ್ದ.

"ನೋಡಿ ರೋವೀನಾ," ಎಂದರು ಹೇಗನ್ಸ್, "ಮಾದಕದ ಚಟ ಒಂದೇ ಇದ್ರೆ ಕಾನೂನಿನ ಪ್ರಕಾರ ಅದು ಅಂಗವೈಕಲ್ಯ ಅಲ್ಲ. ವಿಶೇಷ ಶಿಕ್ಷಣಕ್ಕೆ ಅವನನ್ನ ಸೇರಿಸಿಕೊಳ್ಳೋಕೆ ಬರಲ್ಲ. ಓದು ಹಾಳಾಗಿರೋದು ಮಾತ್ರೆಯಿಂದ."

"ಮಾತ್ರೆ ಆಮೇಲೆ ಬಂತು ಸರ್. ಇವರಪ್ಪ ಗಣೀಲಿ ಸತ್ತಾಗ ಇವನಿನ್ನೂ ಆರನೇ ಕ್ಲಾಸು. ಅವತ್ತಿಂದ ಯಾರ ಜೊತೇಲೂ ಬಾಯಿ ಬಿಡಲಿಲ್ಲ. ಗೋಡೆ ನೋಡ್ಕೊಂಡು ಕೂರ್ತಿದ್ದ."

"ಆಗ ಸ್ಕೂಲಿಗೆ ಯಾರೂ ಹೇಳಲಿಲ್ವಲ್ಲ?"

"ಹೇಳಬೇಕು ಅಂತ ನಂಗೇನು ಗೊತ್ತಿತ್ತು ಸರ್? ಅಪ್ಪ ಸತ್ತ ಮಗು, ಸುಮ್ಮನಿದಾನೆ ಅಂದ್ಕೊಂಡೆ."

ಮೇಜಿನ ಸುತ್ತ ಕೂತವರು ಒಬ್ಬೊಬ್ಬರಾಗಿ ಅರ್ಹನಲ್ಲ ಎಂದರು. ಅಮ್ಮ ಎದ್ದು, ಟ್ರೆಂಟ್‌ನ ಜೊಲ್ಲು ಏಪ್ರನ್ನಿನಿಂದ ಒರೆಸಿ, ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಅವನಿಗೆ ನೆನಪಿದ್ದದ್ದು ಅಷ್ಟೇ.

*

ಚರ್ಚಿನ ಹಿಂಬಾಗಿಲ ಮೆಟ್ಟಿಲ ಮೇಲೆ ಟ್ರೆಂಟ್ ಹೋಗಿ ಕೂತ. ಹೊಳೆಯಾಚೆಗಿನ ನೀಲಿ ಮನೆಯಲ್ಲಿ ಕೇಳಿದರೆ ಮಾತ್ರೆ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇವತ್ತು ಯಾರೂ ಬೈಯುವುದಿಲ್ಲ ಎಂಬುದೂ ಗೊತ್ತಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂತಳು.

"ಮುದುಕಿಗೆ ಅರಳು ಮರಳು. ಮನಸ್ಸಿಗೆ ಹಚ್ಕೋಬೇಡ."

"ಚಿಕ್ಕಮ್ಮಾ, ಈ ಕೋಟು ಅಮ್ಮ ಯಾವಾಗ ತಂದಿದ್ದು?"

ಅವಳು ಹೊಳೆಯ ಕಡೆ ಮುಖ ತಿರುಗಿಸಿದಳು.

"ಹೋದ ವರ್ಷಾನೇ ನಾನು ಇಷ್ಟುದ್ದ ಇದ್ನಲ್ಲ. ಯಾವಾಗ ತಂದ್ಳು ಹೇಳು."

"ಆಗಲ್ಲ ಅಂದ್ರಲ್ಲ, ಆ ಮೀಟಿಂಗ್ ದಿನ," ಎಂದಳು ಚಿಕ್ಕಮ್ಮ. "ನೀನು ಕಾರಿನ ಹಿಂದಿನ ಸೀಟಲ್ಲಿ ನಿದ್ದೆ ಹೋಗಿದ್ದೆ. ನಿನ್ನ ಹತ್ರ ನನ್ನ ಬಿಟ್ಟು ಅಂಗಡಿಗೆ ಹೋದ್ಳು. ಸ್ಕೂಲಿನ ಡ್ಯಾನ್ಸ್ ಪಾರ್ಟಿಗಾ ಅಂತ ಅಂಗಡಿ ಹುಡುಗಿ ಕೇಳಿದ್ಳಂತೆ. ಹೂಂ ಅಂದ್ಳಂತೆ." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ನನ್ನ ಮಗನ್ನ ಹರಕಲು ಜೀನ್ಸಲ್ಲಿ ಮಣ್ಣು ಮಾಡಲ್ಲ ಕಣೇ ಅಂತ ನಂಗೆ ಹೇಳಿದ್ಳು."

ಟ್ರೆಂಟ್ ತನ್ನ ಎದೆಯ ಮೇಲಿನ ಕಪ್ಪು ಬಟ್ಟೆಯನ್ನು ನೋಡಿಕೊಂಡ. ಕೋಟು ಕಳಚಲೆಂದು ಗುಂಡಿಗೆ ಕೈ ಹಾಕಿದ.

"ಪೂರ್ತಿ ಕೇಳೋ," ಎಂದು ಚಿಕ್ಕಮ್ಮ ಅವನ ಕೈ ಹಿಡಿದಳು. "ಮರುದಿನ ಬೆಳಿಗ್ಗೆ ಏಳ್ತಿದ್ದಂಗೇ ಸ್ಕೂಲಿಗೆ ಫೋನ್ ಮಾಡಿದ್ಳು. ಬೇರೆ ಡಾಕ್ಟರ್ ಹತ್ರ ಇನ್ನೊಂದ್ಸಲ ಪರೀಕ್ಷೆ ಮಾಡಿಸಿ, ಬಿಡಲ್ಲ ಅಂದ್ಳು. ಕೋಟು ಬೀರುನಲ್ಲೇ ಇತ್ತು. ಅದನ್ನ ಇಟ್ಕೊಂಡೇ ಓಡಾಡಿದ್ಳು ಕಣೋ."

ಮಾತ್ರೆಗಿಂತ ಮೊದಲೇ ಹುಡುಗನಿಗೆ ಖಿನ್ನತೆ ಇತ್ತು ಎಂದು ಲೆಕ್ಸಿಂಗ್ಟನ್ ನಗರದ ಡಾಕ್ಟರು ಬರೆದುಕೊಟ್ಟಿದ್ದರು. ಮುಂದಿನ ಸಭೆಯಲ್ಲಿ ಅದೇ ಮೇಜಿನವರು ಅರ್ಹ ಎಂದಿದ್ದರು. ಸಣ್ಣ ತರಗತಿ, ಆಪ್ತ ಸಲಹೆಗಾರ್ತಿ, ಚಿಕಿತ್ಸೆಗೆ ಹೋದ ದಿನ ಗೈರುಹಾಜರಿ ಇಲ್ಲ. ಟ್ರೆಂಟ್ ಮಾತ್ರೆ ಬಿಟ್ಟು ಈಗ ಒಂದು ಚಳಿಗಾಲ ಕಳೆದಿತ್ತು.

*

ಮಣ್ಣು ಹಾಕಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬೇಯಿಸಿದ ಬೀನ್ಸು, ಜೋಳದ ಬ್ರೆಡ್ಡು, ಬಾಳೆಹಣ್ಣಿನ ಪುಡಿಂಗು. ಒಳಗೆ ಬರುವುದೋ ಬೇಡವೋ ಎಂದು ಹೇಗನ್ಸ್ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಸರ್," ಎಂದ ಟ್ರೆಂಟ್. "ದಿನಾ ಅಮ್ಮನ ಕೈಯಡುಗೆ ತಿಂದವರು ತಾನೆ ನೀವು."

"ನಾನು ಆಗಲ್ಲ ಅಂದ ಮರುದಿನಾನೂ ಬಡಿಸಿದ್ಳಪ್ಪ. ಉಗೀತಾಳೆ ಅಂತ ಹೆದರ್ಕೊಂಡೇ ತಟ್ಟೆ ಹಿಡಿದಿದ್ದೆ. ಒಂದು ಸೌಟು ಜಾಸ್ತೀನೇ ಹಾಕಿದ್ಳು." ಅವರು ಒಳಗೆ ಬಂದರು. "ಸೋಮವಾರ ಸ್ಕೂಲಿಗೆ ಬರ್ತೀಯಾ?"

ಟ್ರೆಂಟ್ ಅವರಿಗೊಂದು ತಟ್ಟೆ ಕೊಟ್ಟು ಹೊರಗೆ ಬಂದ.

ಸ್ಕೂಲಿನಿಂದ ಯಾರೋ ಏನನ್ನೂ ಸರಿಸದೆ ತಂದು ನಿಲ್ಲಿಸಿದ್ದ ಅಮ್ಮನ ಕಾರು ಮರದಡಿ ಇತ್ತು. ಅವನು ಬಾಗಿಲು ತೆಗೆದು ಒಳಗೆ ತೂರಿಕೊಂಡ. ಮೊಣಕಾಲು ಸ್ಟೀರಿಂಗಿಗೆ ಹೊಡೆಯಿತು. ಅಮ್ಮ ಕುಳ್ಳಿ, ಸೀಟನ್ನು ಪೂರಾ ಮುಂದಕ್ಕೆ ಎಳೆದುಕೊಂಡು ಓಡಿಸುತ್ತಿದ್ದಳು.

ಚಿಕ್ಕಮ್ಮ ಪಕ್ಕದ ಸೀಟಿಗೆ ಹತ್ತಿದಳು. "ಸೀಟು ಹಿಂದಕ್ಕೆ ತಳ್ಳೋ, ಹಿಂಗೆ ಹೆಂಗೆ ಓಡಿಸ್ತೀಯ?"

"ಇರಲಿ ಬಿಡು."

ಸೇತುವೆಯ ಹತ್ತಿರ ರಸ್ತೆ ಕವಲೊಡೆಯಿತು. ಹೊಳೆಯಾಚೆ ನೀಲಿ ಮನೆ ಕಾಣುತ್ತಿತ್ತು. ಮೊಣಕಾಲೆರಡನ್ನೂ ಸ್ಟೀರಿಂಗಿನ ಆಚೀಚೆ ಅಗಲಿಸಿ, ಗದ್ದ ಅದಕ್ಕೆ ತಾಗುವಷ್ಟು ಬಾಗಿ, ಟ್ರೆಂಟ್ ಕಾರನ್ನು ಮೆಲ್ಲನೆ ತಮ್ಮ ಮನೆಯ ಕಡೆ ತಿರುಗಿಸಿದ.